ಸಣ್ಣ ವಾಕ್ಯಗಳ ಪಾಠ

ಡೊಂಬಿವಲಿಯ ನಮ್ಮ ಮನೆಯಲ್ಲಿ ಎರಡು ಕೋಣೆಗಳಿದ್ದವು ಎಂದು ಬರೆದು ಹೊಡೆದುಹಾಕಿದೆ. ಇದ್ದದ್ದು ಒಂದು ಕೋಣೆ, ಒಂದು ಅಡುಗೆಮನೆ. ನಡುವಿನ ಬಾಗಿಲನ್ನು ಅಪ್ಪ ಕಳಚಿಸಿದ್ದ, ಅಣ್ಣನ ಕುರ್ಚಿ ಸಲೀಸಾಗಿ ದಾಟಲಿ ಎಂದು. ಅದು ಆಸ್ಪತ್ರೆಯ ಗಾಲಿಕುರ್ಚಿಯಲ್ಲ. ಠಾಣೆ ಊರಿನ ವರ್ತಕ ನಗರದಲ್ಲಿ ಅಪ್ಪ ಹಣದ ಗಲ್ಲೆಯ ಮೇಲೆ ಕೂರುತ್ತಿದ್ದ ಹೋಟೆಲಿನವರು ಬೇಡವೆಂದು ಮೂಲೆಗೆ ತಳ್ಳಿದ್ದ, ಕೆಳಗೆ ಚಕ್ರಗಳಿರುವ ಆಫೀಸು ಕುರ್ಚಿ. ಕಳಚಿದ ಬಾಗಿಲಿಗೆ ಅಮ್ಮ ಕಪ್ಪು ಬಣ್ಣ ಬಳಿದು ಗೋಡೆಗೆ ಒರಗಿಸಿದಳು. ಅದೇ ನಮ್ಮ ಕರಿಹಲಗೆ. ಚಿಲಕ ಹಾಗೆಯೇ ಉಳಿದಿತ್ತು. ಒರೆಸುವ ಬಟ್ಟೆ ಅದರಲ್ಲಿ ತೂಗುತ್ತಿತ್ತು. ಈ ಬಾಗಿಲಿನ ಬಗ್ಗೆ ನನಗೆ ಸಂಶಯವಿಲ್ಲ, ಉಳಿದದ್ದರ ಬಗ್ಗೆ ಇದೆ. ಆ ಕಾಲವನ್ನು ಎಷ್ಟೋ ಜನರಿಗೆ ಎಷ್ಟೋ ರೀತಿಯಲ್ಲಿ ಹೇಳಿ ಹೇಳಿ ಅದು ನುಣುಪಾಗಿಬಿಟ್ಟಿದೆ. ನುಣುಪಾದ ನೆನಪನ್ನು ಕಂಡರೆ ನನಗೆ ಭಯ. ಆದ್ದರಿಂದ ಬಾಗಿಲಿನಿಂದ ಶುರುಮಾಡುತ್ತೇನೆ.

ಅಣ್ಣನಿಗೆ ಇದ್ದದ್ದು ಸ್ನಾಯುಗಳ ಬಲ ಒಂದೊಂದಾಗಿ ಕರಗಿಹೋಗುವ ಕಾಯಿಲೆ. ಮೊದಲು ಮೆಟ್ಟಿಲು ಹತ್ತಲಾಗಲಿಲ್ಲ, ಆಮೇಲೆ ನಡೆಯಲಾಗಲಿಲ್ಲ. ನಮ್ಮದು ಲಿಫ್ಟ್ ಇಲ್ಲದ ಕಟ್ಟಡದ ನಾಲ್ಕನೆಯ ಮಹಡಿ. ಆರನೆಯ ಕ್ಲಾಸಿನವರೆಗೆ ಅಪ್ಪ ಅವನನ್ನು ಬೆನ್ನ ಮೇಲೆ ಹೊತ್ತು ಇಳಿಸಿ, ಶಾಲೆಗೆ ಬಿಟ್ಟು, ಓಡಿ ಲೋಕಲ್ ಹಿಡಿಯುತ್ತಿದ್ದ. ಅಣ್ಣ ಬೆಳೆದ, ಅಪ್ಪನ ಬೆನ್ನು ಬೆಳೆಯಲಿಲ್ಲ. ಶಾಲೆಯಲ್ಲಿಯೂ ಏಳನೆಯ ಕ್ಲಾಸು ಮೇಲಿನ ಮಹಡಿಯಲ್ಲಿತ್ತು. ಅಲ್ಲಿಯ ದೊಡ್ಡ ಟೀಚರು ತುಂಬಾ ಮರ್ಯಾದೆಯಿಂದ, ಒಂದು ವರ್ಷ ಮನೆಯಲ್ಲಿರಲಿ, ಮುಂದೆ ನೋಡುವ ಎಂದರಂತೆ. ಆ ಸಂಜೆ ಅಮ್ಮ ಅಕ್ಕಿ ಆರಿಸುತ್ತ ಕೂತಿದ್ದಳು. ಅಪ್ಪನ ಕಡೆ ನೋಡದೆಯೇ, ಇವನ ಶಾಲೆ ಇನ್ನು ಇಲ್ಲಿಯೇ ಎಂದಳು. ಮದುವೆಗೆ ಮುಂಚೆ ಉಡುಪಿಯ ಹತ್ತಿರ ಸ್ವಲ್ಪ ಕಾಲ ಮಕ್ಕಳಿಗೆ ಕಲಿಸಿದ್ದಳು. ಲೆಕ್ಕ, ವಿಜ್ಞಾನವನ್ನು ಕೆಳಗಿನ ಮನೆಯ ಕಾಲೇಜು ಹುಡುಗಿ ಭಾನುವಾರ ಬಂದು ಹೇಳಿಕೊಟ್ಟು ಹೋಗುತ್ತಿದ್ದಳು. ಭಾಷೆ ಅಮ್ಮನದು.

ಊರಿನಿಂದ ರಾತ್ರಿ ಬಸ್ಸಿನಲ್ಲಿ ಬಂದ ನೆಂಟರೊಬ್ಬರು ಏಳನೆಯ ಕ್ಲಾಸಿನ ಕನ್ನಡ ಪುಸ್ತಕ ತಂದುಕೊಟ್ಟಿದ್ದರು. ಒಣಮೀನಿನ ಕಟ್ಟಿನ ಪಕ್ಕದಲ್ಲಿ ಕೂತು ಬಂದು ಅದಕ್ಕೂ ಅದೇ ವಾಸನೆ. ಅಮ್ಮ ಅದನ್ನು ಒಂದೇ ಮಧ್ಯಾಹ್ನದಲ್ಲಿ ಓದಿ ಮುಗಿಸಿ ಮುಚ್ಚಿಟ್ಟಳು.

"ಇದ್ರಲ್ಲಿ ಬರೀ ಗದ್ದೆ, ಹೊಳೆ. ಇವನು ಗ್ಯಾಲರಿಯಿಂದ ನೋಡುದು ಎದುರಿನ ಬಿಲ್ಡಿಂಗಿನ ನೀರಿನ ಟಾಂಕಿ. ಇವನಿಗೆ ಬೇರೆಯೇ ಪುಸ್ತಕ ಬೇಕು."

ಬೇರೆ ಪುಸ್ತಕ ಎಲ್ಲಿಯೂ ಇರಲಿಲ್ಲ. ಅಮ್ಮ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ, ಒಂದೊಂದು ವಾರಕ್ಕೆ ಏನೇನು ಎಂದು ಬರೆಯತೊಡಗಿದಳು. ಭಾಷೆ ಅಂದರೆ ಕೇಳುವುದು, ಹೇಳುವುದು, ಓದುವುದು, ಬರೆಯುವುದು. ಈ ನಾಲ್ಕೂ ದಿನಾ ಆಗಬೇಕು ಎನ್ನುವುದು ಅವಳ ಹಟ. ಮನೆಯಲ್ಲಿ ನಾವು ಆಡುವುದು ತುಳು, ಕೆಳಗೆ ಇಳಿದರೆ ಮರಾಠಿ, ಅಣ್ಣ ನಾನು ಜಗಳವಾಡುವುದು ಹಿಂದಿಯಲ್ಲಿ. ಪಾಠ ಶುರುವಾದರೆ ಮಾತ್ರ ಕನ್ನಡ. ಯಾಕೆ ಎಂದು ಅಣ್ಣ ಒಮ್ಮೆ ಕೇಳಿದ್ದಕ್ಕೆ, ನನಗೆ ತಳದವರೆಗೆ ಗೊತ್ತಿರುವುದು ಅದೊಂದೇ, ಅರ್ಧಂಬರ್ಧ ಗೊತ್ತಿರುವುದರಲ್ಲಿ ನಿನಗೆ ಕಲಿಸಿದರೆ ಆಗುವುದಿಲ್ಲ ಎಂದಿದ್ದಳು.

ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಆ ವರ್ಷಗಳಲ್ಲಿ ಡೊಂಬಿವಲಿಯಲ್ಲಿ ಲೋಡ್ ಶೆಡ್ಡಿಂಗ್ ಊಟದಷ್ಟೇ ನಿಯಮಿತ. ಫ್ಯಾನು ನಿಂತ ಕೂಡಲೇ ಕೇಳುವ ಪಾಠ. ಕಣ್ಣು ಮುಚ್ಚಿ ಕೂತು ಕೇಳಿಸಿದ್ದನ್ನೆಲ್ಲ ಬರೆಯಬೇಕು: ರದ್ದಿಯವನ ಕೂಗು, ಮೇಲಿನ ಮನೆಯ ಕುಟ್ಟಾಣಿ, ದೂರದ ಸ್ಟೇಷನ್ನಿನಲ್ಲಿ ಗಾಡಿ ಬಂದದ್ದೋ ಹೋದದ್ದೋ. ಗಾಳಿ ತಿರುಗಿ ಕೆಮಿಕಲ್ ಕಾರ್ಖಾನೆಗಳ ಕಡೆಯಿಂದ ಕೊಳೆತ ಬೆಳ್ಳುಳ್ಳಿಯಂಥ ವಾಸನೆ ಬಂದರೆ ಅದಕ್ಕೂ ಒಂದು ವಾಕ್ಯ. ಓದುವುದಕ್ಕೆ ಮನೆಗೆ ಬಂದ ಕಾಗದ ಯಾವುದಾದರೂ ಆದೀತು. ಔಷಧಿಯ ಡಬ್ಬಿಯೊಳಗಿನ ಚೀಟಿ, ಬೋಂಡ ಕಟ್ಟಿಕೊಟ್ಟ ಪೇಪರಿನ ತುಂಡು, ಸೊಸೈಟಿಯ ನೋಟೀಸು. ಇದನ್ನು ಯಾರು ಯಾರಿಗೆ ಬರೆದದ್ದು, ಅವರಿಗೆ ಬೇಕಾಗಿರುವುದು ಏನು, ಅದನ್ನು ಬಾಯಿಬಿಟ್ಟು ಹೇಳಿದ್ದಾರೋ ಇಲ್ಲವೋ ಎಂದು ಅಣ್ಣ ಹೇಳಬೇಕು. ಊಟದ ಹೊತ್ತಿಗೆ ಹೇಳುವ ಪಾಠ. ಅವನ ಕೈ ಬಾಯಿಯವರೆಗೆ ಏರುವುದು ನಿಂತಮೇಲೆ ಅಮ್ಮನೇ ಉಣಿಸುತ್ತಿದ್ದಳು. ತುತ್ತಿಗೊಂದು ವಾಕ್ಯದಂತೆ ಹಿಂದಿನ ದಿನದ ಓದನ್ನು ಅವನು ಹೇಳಬೇಕು. ಹುರುಳಿ ಸಾರಿನ ದಿನ ವಾಕ್ಯಗಳು ಸರಸರ ಬರುತ್ತಿದ್ದವು. ಹಾಗಲಕಾಯಿಯ ದಿನ ಒಂದೇ ವಾಕ್ಯವನ್ನು 'ಮತ್ತು', 'ಆದರೆ', 'ಯಾಕೆಂದರೆ' ಹಾಕಿ ಎಳೆದೂ ಎಳೆದೂ, ಅಮ್ಮನ ಕೈ ಗಾಳಿಯಲ್ಲಿಯೇ ನಿಲ್ಲುವಂತೆ ಮಾಡುತ್ತಿದ್ದ.

ಮನವಿ ಬರೆಯುವ ಪಾಠದಲ್ಲಿ ಸೊಸೈಟಿಯ ಸೆಕ್ರೆಟರಿಗೆ ಲಿಫ್ಟ್ ಬೇಕೆಂದು ಬರೆದ. ಅಮ್ಮ ಅದನ್ನು ಮರಾಠಿಗೆ ಮಾಡಿಸಿ ನಿಜವಾಗಿಯೂ ಕೊಟ್ಟುಬಿಟ್ಟಳು. ಸೆಕ್ರೆಟರಿ ಕಾಕಾ ಏದುಸಿರು ಬಿಡುತ್ತ ನಾಲ್ಕು ಮಹಡಿ ಹತ್ತಿ ಬಂದರು, ಚಹಾ ಕುಡಿದರು, ಬರವಣಿಗೆಯನ್ನು ಹೊಗಳಿದರು. ಈ ಕಟ್ಟಡದ ಹಳೆಯ ಕಂಬಗಳು ಲಿಫ್ಟಿನ ಭಾರ ತಾಳುವುದಿಲ್ಲ ಎಂದು ನೆಲ ನೋಡುತ್ತ ಹೇಳಿ ಇಳಿದುಹೋದರು. ಅಮ್ಮ ಬಾಗಿಲು ಹಾಕಿಕೊಂಡು ಬಂದು ಅಣ್ಣನನ್ನು ಕೇಳಿದ್ದು, ನಿನ್ನ ಮನವಿಯಲ್ಲಿ ಯಾವ ಮಾತು ಅವರನ್ನು ಮೇಲೆ ಹತ್ತಿಸಿತು ಎಂದು. ಅಳು ಬರುತ್ತದೆಂದು ಕಾದಿದ್ದ ನನಗೆ ಆಗ ಅವಳ ಮೇಲೆ ಸಿಟ್ಟು ಬಂದಿತ್ತು.

ಪ್ರಶ್ನೆಯೇ ಅವಳ ತಿದ್ದುಪಡಿ. ಕೆಂಪು ಪೆನ್ನು ನಮ್ಮ ಮನೆಯಲ್ಲಿ ಇರಲಿಲ್ಲ. ಅಣ್ಣ ಬರೆದದ್ದನ್ನು ಓದಿ, ಅದರ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳುತ್ತಿದ್ದಳು. ತಪ್ಪು ಎಲ್ಲಿದೆ ಎಂದು ಹೇಳುತ್ತಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಸಿಗುವಂತೆ ಮತ್ತೆ ಬರೆಯುವಾಗ ತಪ್ಪು ತಾನಾಗಿ ಉದುರಬೇಕು. ಅಣ್ಣ ತಕ್ಷಣ ಉತ್ತರ ಕೊಟ್ಟದ್ದು ನನಗೆ ನೆನಪಿಲ್ಲ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಯಾವಾಗಲೂ ಒಂದೇ ಮಾತು:

"ನಾಳೆ ಬರೆದು ತೋರಿಸ್ತೇನೆ."

ಈ ಶಾಲೆಯಲ್ಲಿ ನನಗೂ ಒಂದು ಕೆಲಸವಿತ್ತು. ನಾನು ನಾಲ್ಕನೆಯ ಕ್ಲಾಸಿನಲ್ಲಿ, ಬೆಳಗಿನ ಪಾಳಿಯ ಶಾಲೆಯಲ್ಲಿ ಓದುತ್ತಿದ್ದೆ. ಬರುವ ದಾರಿಯಲ್ಲಿ ಕಂಡದ್ದನ್ನು ಯೂನಿಫಾರ್ಮ್ ಬದಲಿಸುವ ಮೊದಲೇ ಅಣ್ಣನಿಗೆ ಹೇಳಬೇಕು. ವರ್ಣನೆಯ ಪಾಠಕ್ಕೆ ಅದೇ ಸಾಮಗ್ರಿ. ಚಪ್ಪಲಿ ಹೊಲಿಯುವವನು, ಇಸ್ತ್ರಿ ಗಾಡಿ, ಪಾವ್ ತರುವ ಸೈಕಲ್ಲು, ಹಿಟ್ಟಿನ ಗಿರಣಿ. ಅವನು ಪೊಲೀಸರಂತೆ ಪ್ರಶ್ನೆ ಕೇಳುತ್ತಿದ್ದ. ಇಸ್ತ್ರಿಯವನು ಎಡಗೈಯವನೋ ಬಲಗೈಯವನೋ? ಸೈಕಲ್ಲಿನ ಗಂಟೆ ಬಾರಿಸಿದಾಗ ಯಾರು ತಿರುಗಿ ನೋಡಿದ್ದು? ಗೊತ್ತಿಲ್ಲ ಎಂದರೆ,

"ಕಣ್ಣು ಮನೆಯಲ್ಲಿ ಬಿಟ್ಟು ಹೋಗ್ತಿಯಾ ಮಾರಾಯ್ತಿ? ಹಾಗಾದ್ರೆ ಇಲ್ಲಿ ಕೊಡು, ನಾನಾದ್ರೂ ಇಟ್ಕೊಳ್ತೇನೆ."

ಎನ್ನುತ್ತಿದ್ದ. ಅವನ ಕೈಯಿಂದ ಬೈಸಿಕೊಳ್ಳಬಾರದೆಂದು ನಾನು ದಾರಿಯನ್ನು ನೋಡುತ್ತ ನಡೆಯಲು ಕಲಿತೆ. ಈಗ ಯಾರಾದರೂ ನೀವು ಬರೆಯಲು ಹೇಗೆ ಕಲಿತಿರಿ ಎಂದು ಕೇಳಿದರೆ ಹೇಳುವುದು ಇದನ್ನೇ, ಮತ್ತು ಹೇಳಿದ ಕೂಡಲೇ ಇದು ಎಲ್ಲಿಯೋ ಸ್ವಲ್ಪ ಸುಳ್ಳು ಎನ್ನಿಸುತ್ತದೆ. ಯಾಕೆಂದರೆ ಕೇಳುತ್ತಿದ್ದವನು ಅಣ್ಣನೊಬ್ಬನೇ ಅಲ್ಲ. ನಾನು ಶುರುಮಾಡಿದಾಗ ಅಡುಗೆಮನೆಯಲ್ಲಿ ಅಮ್ಮ ಸ್ಟೋವ್ ಸಣ್ಣ ಮಾಡುತ್ತಿದ್ದಳು. ತರಕಾರಿಯನ್ನು ಅಪ್ಪ ಠಾಣೆಯಿಂದ ತರುತ್ತಿದ್ದ, ಹಾಲು ಮೊಸರಿಗೆ ನಾನು. ಅಣ್ಣನನ್ನು ಬಿಟ್ಟು ಅವಳೂ ಕೆಳಗೆ ಇಳಿಯುತ್ತಿದ್ದದ್ದು ಅಪರೂಪ. ಕಾಯಿಲೆ ಒಬ್ಬನಿಗೆ ಬಂದು ನಾಲ್ಕನೆಯ ಮಹಡಿಯಲ್ಲಿ ಇಬ್ಬರು ಉಳಿದಿದ್ದರು.

ಏನೂ ಸಿಗದ ಒಂದು ದಿನ ನಾನು ಹಿಟ್ಟಿನ ಗಿರಣಿಯ ಪಕ್ಕದ ಕಂಬಕ್ಕೆ ಒಂದು ಕುದುರೆ ಕಟ್ಟಿದೆ. ಮದುವೆಯ ಮೆರವಣಿಗೆಯ ಕುದುರೆ, ಬಿಳಿ ಬಣ್ಣದ್ದು ಎಂದೆ. ಅಣ್ಣ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ.

"ಬಿಳಿ ಕುದುರೆಯಾ, ಅಲ್ಲ ಗಿರಣಿಯ ಹಿಟ್ಟು ಬಿದ್ದು ಬಿಳಿ ಆದದ್ದಾ?"

ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಗೊತ್ತಿಲ್ಲ ಎಂದೆ. ಹಾಗಾದರೆ ಮಳೆ ಬರಲಿ, ಗೊತ್ತಾಗುತ್ತದೆ ಎಂದ. ಆಮೇಲೆ ದಿನಾ ಕುದುರೆಯ ಸುದ್ದಿ. ಬಾಲ ಹೇಗೆ ಬೀಸುತ್ತದೆ, ಮಕ್ಕಳು ಹತ್ತಿರ ಹೋದರೆ ಏನು ಮಾಡುತ್ತದೆ, ಗಿರಣಿಯ ಸದ್ದಿಗೆ ಕಿವಿ ಎತ್ತುತ್ತದೋ ಇಲ್ಲವೋ. ಕುದುರೆಯ ಮೇಲೆ ಅಣ್ಣ ಬರೆದದ್ದು ಅವನು ಬರೆದುದರಲ್ಲೆಲ್ಲ ಉದ್ದದ್ದು. ಅಮ್ಮ ಅದಕ್ಕೆ ಯಾವ ಪ್ರಶ್ನೆ ಕೇಳಿದಳು ಎಂಬುದು ಎಷ್ಟು ತಡಕಿದರೂ ಸಿಗುವುದಿಲ್ಲ. ಮಳೆ ಶುರುವಾದಾಗ ಕುದುರೆಯನ್ನು ಗಿರಣಿಯ ಮಾಡಿನ ಕೆಳಗೆ ಕಟ್ಟಿದ್ದಾರೆ, ಒದ್ದೆಯಾಗಿಲ್ಲ ಎಂದೆ. ಬಣ್ಣ ಹೇಳಿಬಿಟ್ಟರೆ ಕುದುರೆ ಮುಗಿದುಹೋಗುತ್ತದೆ ಎಂದು ನನಗೆ ಹೇಗೋ ಗೊತ್ತಾಗಿತ್ತು.

ಕಲ್ಯಾಣದಲ್ಲಿರುವ ಅತ್ತೆ, ಅಪ್ಪನ ಅಕ್ಕ, ಒಂದು ಮಧ್ಯಾಹ್ನ ಪಾಠದ ನಡುವೆಯೇ ಬಂದಳು. ಕರಿಹಲಗೆಯನ್ನೂ ಹಾಳೆಗಳನ್ನೂ ನೋಡಿದಳು. ಅಡುಗೆಮನೆಗೆ ಹೋಗಿ, ಬಾಗಿಲಿಲ್ಲದ ಅಡುಗೆಮನೆ ಎಂಬುದನ್ನು ಮರೆತು, ದನಿ ತಗ್ಗಿಸಿ ಕೇಳಿದಳು:

"ಇಷ್ಟೆಲ್ಲ ಕಲ್ಸಿ ಎಂತ ಮಾಡ್ಲಿಕ್ಕುಂಟು ಹೇಳು? ಡಾಕ್ಟ್ರು ಹೇಳಿದ್ದು ನಿಂಗೆ ಗೊತ್ತಿಲ್ವಾ? ಟಿ.ವಿ. ಹಾಕಿ ಕೂರಿಸು, ಖುಷಿಯಲ್ಲಿರ್ಲಿ."

ಅಮ್ಮ ಕಾವಲಿಯ ಮೇಲೆ ನೀರುದೋಸೆ ಹೊಯ್ದಳು, ಮುಚ್ಚಿದಳು, ತೆಗೆದಳು. ಆಮೇಲೆ ತಗ್ಗಿಸದ ದನಿಯಲ್ಲಿ ಹೇಳಿದಳು:

"ಅವನಿಗೆ ಹೇಳ್ಲಿಕ್ಕೆ ಇರುದನ್ನು ಅವನೇ ಹೇಳ್ಬೇಕು ಅಕ್ಕ. ನಾನು ಊಹೆ ಮಾಡುದಲ್ಲ."

ಅಣ್ಣ ನನ್ನ ಕಡೆ ತಿರುಗಿ ಹುಬ್ಬು ಕುಣಿಸಿದ. ಅತ್ತೆ ದೋಸೆ ತಿಂದು, ಹೋಗುವಾಗ ಅವನ ತಲೆಯ ಮೇಲೆ ಬಹಳ ಹೊತ್ತು ಕೈ ಇಟ್ಟುಕೊಂಡು ನಿಂತಳು. ಅವಳು ಕೆಟ್ಟವಳಾಗಿರಲಿಲ್ಲ. ಅಪ್ಪನೂ ಒಳಗೊಳಗೆ ಅದೇ ಪ್ರಶ್ನೆಯನ್ನು ಇಟ್ಟುಕೊಂಡಿದ್ದ; ಕೇಳುವ ಧೈರ್ಯ ಅವಳಿಗಿತ್ತು, ಅವನಿಗಿರಲಿಲ್ಲ.

ಎರಡನೆಯ ವರ್ಷ ಅಣ್ಣನ ಬೆರಳುಗಳು ಪೆನ್ಸಿಲ್ ಬಿಡತೊಡಗಿದವು. ಅಮ್ಮ ಕ್ಯಾಲೆಂಡರ್ ಹಾಳೆಯಲ್ಲಿ ಏನೋ ಹೊಡೆದುಹಾಕಿ ಬೇರೆ ಬರೆದಳು. ಇನ್ನು ಉಕ್ತಲೇಖನ, ಆದರೆ ತಿರುಗಿಸಿ ಎಂದಳು. ದೊಡ್ಡ ಕ್ಲಾಸಿನಲ್ಲಿ ಹೇಳುವವನು ವಿದ್ಯಾರ್ಥಿ, ಬರೆಯುವವರು ಬೇರೆ. ಬರೆಯುವವಳು ನಾನು. ಅವನು ಹೇಳಿದ್ದನ್ನು ನಾನು ಬರೆದೆ, ಅವನ ಅಲ್ಪವಿರಾಮಗಳಿಗೆ ಕಾದು ಕಾದು ಬರೆದೆ. ಈಗಲೂ ಒಂದು ವಾಕ್ಯದ ನಡುವೆ ನಿಂತಾಗ ಆ ನಿಲುಗಡೆ ನನ್ನದೋ ಅವನದೋ ನನಗೆ ತಿಳಿಯುವುದಿಲ್ಲ. ಆಮೇಲೆ ಅವನ ಉಸಿರು ಚಿಕ್ಕದಾಯಿತು. ಹಾಗಲಕಾಯಿಯ ದಿನವೂ ವಾಕ್ಯ ಉದ್ದವಾಗಲಿಲ್ಲ. ನಡುವಿನಲ್ಲಿ ಕಡಿದುಹೋಗಿ, ಮುಂದಿನದನ್ನು ಹುಡುಕುತ್ತ ಅವನು ಬಾಯಿ ತೆರೆದು ಕೂರುತ್ತಿದ್ದ. ಒಂದು ಸೋಮವಾರ ಅಮ್ಮ ಕರಿಹಲಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆದಳು: ಸಣ್ಣ ವಾಕ್ಯಗಳ ಪಾಠ.

"ಉದ್ದ ವಾಕ್ಯ ಎಲ್ರೂ ಬರೀತಾರೆ. ಇದು ಕಷ್ಟದ್ದು. ಮೂರೇ ಶಬ್ದ. ಅದ್ರಲ್ಲಿ ಎಲ್ಲ ಬರ್ಬೇಕು."

ಅಣ್ಣ ಹಲಗೆಯನ್ನೇ ನೋಡಿದ. ಅವನಿಗೆ ಅರ್ಥವಾಗಲಿಲ್ಲ ಎಂದು ನಾನು ತುಂಬಾ ವರ್ಷ ನಂಬಿದ್ದೆ. ಹಾಗೆ ನಂಬಲು ಕಾರಣವೇ ಇಲ್ಲ. ನೋಟೀಸು ಓದಿ ಬರೆದವರ ಮನಸ್ಸು ಹೇಳುತ್ತಿದ್ದ ಹುಡುಗ ಅವನು. ಹಲಗೆಯಿಂದ ಕಣ್ಣು ತೆಗೆಯದೆ ಹೇಳಿದ:

"ಹಾಗಲಕಾಯಿ ಗೆದ್ದಿತು ಅಮ್ಮ."

ಅಮ್ಮ ನಕ್ಕಳು. ಸೆರಗಿನಿಂದ ಮುಖ ಒರೆಸಿಕೊಂಡಳೋ ಹಲಗೆ ಒರೆಸುವ ಬಟ್ಟೆಯಿಂದಲೋ, ಕೆನ್ನೆಯ ಮೇಲೆ ಸೀಮೆಸುಣ್ಣ ಇತ್ತು. ಆ ಬೇಸಿಗೆ ದಾಟುವಷ್ಟರಲ್ಲಿ ಮೂರು ಎರಡಾಯಿತು. ಎರಡೇ ಶಬ್ದದ ಪಾಠ ಅದಕ್ಕಿಂತ ಮೇಲಿನ ಕ್ಲಾಸಿನದು ಎಂದು ಅಮ್ಮ ಹೇಳಿದಳು. ಅವನ ದೇಹ ಒಂದೊಂದು ಮೆಟ್ಟಿಲು ಇಳಿದ ಹಾಗೆಲ್ಲ ಅವಳು ಅವನನ್ನು ಒಂದೊಂದು ಕ್ಲಾಸು ಮೇಲೆ ಹತ್ತಿಸಿದಳು.

ಮಳೆಗಾಲದಲ್ಲಿ ಎದೆ ಕಟ್ಟಿತು. ಅವನನ್ನು ಆಸ್ಪತ್ರೆಗೆ ಒಯ್ದದ್ದು ಒಂದು ಮಧ್ಯಾಹ್ನ. ಕಟ್ಟಡದ ಗಂಡಸರು ಚಕ್ರದ ಕುರ್ಚಿಯ ಸಮೇತ ಅವನನ್ನು ಎತ್ತಿದರು. ಮುಂದಿನ ಕಾಲು ಹಿಡಿದವರು ಸೆಕ್ರೆಟರಿ ಕಾಕಾ. ಪ್ರತಿ ತಿರುವಿನಲ್ಲಿಯೂ ಅವರು ಮರಾಠಿಯಲ್ಲಿ, ಹಳೂ, ಹಳೂ ಎನ್ನುತ್ತಿದ್ದರು, ಮೆಲ್ಲಗೆ, ಮೆಲ್ಲಗೆ ಎಂದು. ನಾನು ಮೇಲೆ ಕಟಕಟೆ ಹಿಡಿದು ನಿಂತಿದ್ದೆ. ಅಣ್ಣ ತಲೆಯೆತ್ತಿ ನನ್ನನ್ನು ನೋಡಿದ ಎಂದು ಹಿಂದೊಮ್ಮೆ ಬರೆದಿದ್ದೇನೆ. ತಲೆಯೆತ್ತುವ ಬಲ ಅವನಲ್ಲಿ ಇರಲಿಲ್ಲ. ಅವನು ತಿರುಗಿ ಮನೆಗೆ ಬರಲಿಲ್ಲ. ಕುರ್ಚಿ ಬಂತು, ಆಂಬುಲೆನ್ಸಿನಲ್ಲಿ ಅದಕ್ಕೆ ಜಾಗವಿರಲಿಲ್ಲವಂತೆ.

ದಿನಗಳೆಲ್ಲ ಕಳೆದು ನೆಂಟರು ಹೋದಮೇಲೂ ಗೋಡೆಯ ಮೇಲಿನ ಹಾಳೆಗಳನ್ನು ಯಾರೂ ತೆಗೆಯಲಿಲ್ಲ. ದೀಪಾವಳಿಯವರೆಗಿನ ಪಾಠಗಳು ಅಲ್ಲಿ ಇದ್ದವು. ಒಂದು ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಅಮ್ಮ ಅಡುಗೆಮನೆಯಿಂದ ಬಂದು, ಕೂತ್ಕೋ ಎಂದಳು. ನಾನು ಕುರ್ಚಿಯಲ್ಲಿ ಕೂರಲಿಲ್ಲ, ಅದರ ಪಕ್ಕದಲ್ಲಿ ನೆಲದ ಮೇಲೆ ಕೂತೆ. ಅಪ್ಪ ಅಂದು ರಜೆಯಲ್ಲಿದ್ದ. ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದವನು ಎದ್ದು ಕೂತು ಹೇಳಿದ:

"ಸಾಕು ಮಾಡು ಇನ್ನು. ಯಾರಿಗೆ ಇದೆಲ್ಲ?"

"ಪಾಠ ಅರ್ಧದಲ್ಲಿ ಉಂಟು."

"ಪಾಠ ಯಾರದ್ದು? ಇವಳದ್ದಾ?"

ಅಮ್ಮ ಆ ವಾರದ ಹಾಳೆಯಲ್ಲಿ ಬರೆದಿದ್ದ ವಿಷಯವನ್ನು ಓದಿದಳು: ನಾನು ನೋಡಬೇಕೆಂದಿರುವ ಒಂದು. ಅದನ್ನು ಅಣ್ಣನಿಗೆಂದು ತಿಂಗಳುಗಳ ಹಿಂದೆ ಬರೆದಿಟ್ಟದ್ದು. ಓದಿ ಮುಗಿಸಿ ಸೀರೆಯ ನಿರಿಗೆ ಸರಿಮಾಡಿಕೊಂಡು, ಚಪ್ಪಲಿ ಹಾಕಿಕೊ, ನಿನ್ನ ಶಾಲೆಯ ದಾರಿ ತೋರಿಸು ಎಂದಳು.

ಮೆಟ್ಟಿಲಿಳಿಯುವಾಗ ಅವಳು ಗೋಡೆ ಹಿಡಿದುಕೊಂಡು ಬಂದಳು, ಅಭ್ಯಾಸ ತಪ್ಪಿದವರಂತೆ. ಮಳೆ ನಿಂತಿತ್ತು. ನಾನು ತೋರಿಸಿದ್ದನ್ನೆಲ್ಲ ನೋಡಿದಳು. ಚಪ್ಪಲಿ ಹೊಲಿಯುವವನನ್ನು, ಇಸ್ತ್ರಿಯವನು ಎಡಗೈಯವನೇ ಎಂಬುದನ್ನು. ಗಿರಣಿ ಹತ್ತಿರವಾದಂತೆ ನಾನು ನಿಧಾನ ಮಾಡಿದೆ, ಅವಳು ಮಾಡಲಿಲ್ಲ. ಕಂಬದ ಪಕ್ಕದಲ್ಲಿ ಏನೂ ಇರಲಿಲ್ಲ, ಒಂದು ಒದ್ದೆ ಗೋಣಿ ಬಿಟ್ಟರೆ. ಅಮ್ಮ ಅದರ ಎದುರು ನಿಂತಳು. ಗಿರಣಿಯವನು ಹುಬ್ಬು ರೆಪ್ಪೆಯೆಲ್ಲ ಬೆಳ್ಳಗಾದ ಮುದುಕ. ದಳಣ, ಬೀಸುವ ಧಾನ್ಯ, ತಂದಿದ್ದೀರಾ ಎಂದು ಕೇಳಿದ. ಇಲ್ಲ, ಇಲ್ಲಿ ಒಂದು ಕುದುರೆ ಕಟ್ಟುತ್ತಿದ್ದರಲ್ಲ ಎಂದು ಅಮ್ಮ ತನ್ನ ಮರಾಠಿಯಲ್ಲಿ ಕೇಳಿದಳು. ಅವನು ಅವಳನ್ನು ನೋಡಿದ, ನನ್ನನ್ನು ನೋಡಿದ.

"ಲಗ್ನಾಚಾ ಸೀಜನ್ ಸಂಪ್ಲಾ ನಾ ತಾಯಿ. ಗಾವಾಲಾ ನೇಲಾ ತ್ಯಾಲಾ."

ಮದುವೆಯ ಸೀಜನ್ ಮುಗಿಯಿತಲ್ಲ, ಅದನ್ನು ಊರಿಗೆ ಒಯ್ದರು, ಎಂದ. ಹೇಳಿ ಒಳಗೆ ಹೋಗಿ ಪಟ್ಟಿ ಎಳೆದ, ಗಿರಣಿ ಗರ್ಜಿಸಿತು. ಕುದುರೆಯನ್ನು ನಾನೇ ಕಟ್ಟಿದ್ದು ಎಂದು ಅಲ್ಲಿಯವರೆಗೆ ನನಗೆ ಖಚಿತವಿತ್ತು. ಅವನು ಒಬ್ಬ ಹೆಂಗಸಿನ ಮುಖ ನೋಡಿ ಹಾಗೆ ಹೇಳಿದನೋ, ನಾನು ಎಂದೋ ಕಂಡದ್ದನ್ನೇ ಕಟ್ಟುಕತೆ ಎಂದುಕೊಂಡಿದ್ದೆನೋ, ಈಗ ಹೇಳಲಾರೆ. ಆ ಗಿರಣಿಯ ಜಾಗದಲ್ಲಿ ಈಗ ಮೊಬೈಲ್ ಅಂಗಡಿ ಇದೆ.

ಹಿಂದೆ ಬರುವಾಗ ಎರಡನೆಯ ಮಹಡಿಯಲ್ಲಿ ಅಮ್ಮ ದಣಿದು ಮೆಟ್ಟಿಲ ಮೇಲೆ ಕೂತಳು. ಅವಳ ತಲೆಗೂದಲ ಮೇಲೆ ಹಿಟ್ಟು ಕೂತಿತ್ತು. ಅಲ್ಲಿ ಅವಳು ನನಗೆ ನನ್ನ ಮೊದಲ ಪ್ರಶ್ನೆ ಕೇಳಿದಳು.

"ಅದ್ರ ಬಣ್ಣ ಯಾವುದು?"

ಕಂದು ಎಂದೆ, ಎಂದು ಈ ಅಧ್ಯಾಯದ ಹಿಂದಿನ ಪ್ರತಿಯಲ್ಲಿ ಬರೆದಿದ್ದೆ. ಅದನ್ನು ಈಗ ನಾವಿರುವ ಖಾರಘರದ ಈ ಮನೆಯಲ್ಲಿ ಅಮ್ಮನಿಗೆ ಓದಿ ಹೇಳಿದೆ. ಅವಳ ಕಣ್ಣು ಈಗ ಮಂಜಾಗಿದೆ, ಕೇಳುವ ಪಾಠವೊಂದೇ ಅವಳಿಗೆ ಉಳಿದಿರುವುದು. ಅವಳು ಕೈಯೆತ್ತಿ ನಿಲ್ಲಿಸಿದಳು. ಇಷ್ಟು ವರ್ಷ ಹೇಳದಿದ್ದ ಒಂದು ಸಂಗತಿಯನ್ನು ಆಗ ಹೇಳಿದಳು. ಆಂಬುಲೆನ್ಸು ಗಿರಣಿಯ ರಸ್ತೆಯಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ನಿಂತಿತ್ತಂತೆ. ಹೊರಗೆ ಮಳೆ, ಗಾಜಿನ ಮೇಲೆ ಮಂಜು. ಅವಳ ತೊಡೆಯ ಮೇಲೆ ತಲೆಯಿಟ್ಟಿದ್ದ ಅಣ್ಣ ಗಿರಣಿಯ ಸದ್ದು ಕೇಳಿ ಕಣ್ಣು ತೆರೆದು ಒಂದು ಶಬ್ದ ಹೇಳಿದನಂತೆ: ಬಣ್ಣ? ಅವಳಿಗೆ ಏನೂ ಕಾಣಿಸುತ್ತಿರಲಿಲ್ಲ. ಕಂದು, ಮಗಾ, ಒದ್ದೆಯಾಗಿ ಕಂದು ಕಾಣುತ್ತಿದೆ ಎಂದಳಂತೆ.

ಹಾಗಾದರೆ ನನ್ನ ಕಂದು ಎಲ್ಲಿಂದ ಬಂತು? ಅವಳು ಹೇಳದೆ ನನಗೆ ಅದು ತಿಳಿದಿರಲು ಸಾಧ್ಯವಿಲ್ಲ. ಮೆಟ್ಟಿಲ ಮೇಲೆ ನಿಜವಾಗಿ ನಾನು ಏನು ಹೇಳಿದೆ ಎಂದು ಅವಳನ್ನೇ ಕೇಳಿದೆ.

"ನೀನು ಹೇಳ್ಲಿಲ್ಲ. ನಾಳೆ ಬರೆದು ತೋರಿಸ್ತೇನೆ ಅಂದಿ."

ಅದು ಅಣ್ಣನ ಮಾತು. ನಾನು ತಿದ್ದಲಿಲ್ಲ. ಕೆಳಗೆ ಎಲ್ಲಿಯೋ ಲಿಫ್ಟಿನ ಬಾಗಿಲು ತೆರೆದು ಮುಚ್ಚಿತು. ಅಮ್ಮ ನನ್ನ ದನಿಯಿದ್ದ ಕಡೆಗೆ ಮುಖ ತಿರುಗಿಸಿ, ಸ್ಟೋವ್ ಸಣ್ಣ ಮಾಡಿ ಕಾಯುತ್ತಿದ್ದವಳ ಹಾಗೆಯೇ ಸ್ವಲ್ಪ ಹೊತ್ತು ಕಾದಳು.

"ಮತ್ತೆ, ಬರೆದ್ಯಾ?"